ಅಪ್ಪನ ಚಪ್ಪಲಿಯಲ್ಲಿ ಬೆವರಿನ ಗುರುತೇ ಇರಲಿಲ್ಲ

ವಿಜಯಪುರದ ಮೇ ತಿಂಗಳು. ಬಾಗಿಲ ಬಳಿ ಎರಡು ಜೊತೆ ತೊಗಲಿನ ಚಪ್ಪಲಿ, ಎರಡೂ ಒಂದೇ ದಿನ ತಂದವು. ಅವ್ವನ ಚಪ್ಪಲಿಯಲ್ಲಿ ಐದು ಬೆರಳು, ಹಿಮ್ಮಡಿ ಎಲ್ಲ ಕಪ್ಪಗೆ ಅಚ್ಚೊತ್ತಿದ್ದವು. ಅಪ್ಪನದು ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಇತ್ತು. "ನಿಮ್ಮಪ್ಪನ ಕಾಲು ಬೆವರೂದು ಬಿಟ್ಟಾವ. ಛಲೋ ಆತು, ವಾಸನಿ ಇಲ್ಲ" ಎಂದಳು ಅವ್ವ. ನನಗೂ ಹಾಗೇ ಅನಿಸಿತ್ತು. ಅದು ಛಲೋ ಅಲ್ಲ ಅಂತ ತಿಳಿಯಲು ಒಂದು ವರ್ಷ ಬೇಕಾಯಿತು.

ಅಪ್ಪನಿಗೆ 12 ವರ್ಷದಿಂದ ಶುಗರ್. ರಾತ್ರಿಯಾದರೆ ಅಂಗಾಲು ಉರಿ. ಮೊದಲು ತೋರಿಸಿದ ಕಡೆ ನರದ ಪರೀಕ್ಷೆ ಮಾಡಿ ನಾರ್ಮಲ್ ಅಂದರು. ಉರಿ ಹೋಗಲಿಲ್ಲ. ಇದೇ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಕರೆಂಟ್ ಕೊಟ್ಟು ವೇಗ ಅಳೆಯುವ ಆ ಪರೀಕ್ಷೆ ದಪ್ಪ ನರಗಳದ್ದು. ಉರಿ, ನೋವು, ಬಿಸಿ ತಿಳಿಸುವ ನರಗಳು ತೀರಾ ಸಣ್ಣವು. ಬೆವರಿಗೆ ಅಪ್ಪಣೆ ಕೊಡುವ ನರಗಳೂ ಅಷ್ಟೇ. ದಪ್ಪ ಒಂದು ಮೈಕ್ರೋಮೀಟರ್ ಆಸುಪಾಸು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಎಷ್ಟೋ ಜನರಲ್ಲಿ ಮೊದಲು ಸೊರಗುವುದು ಇವೇ. ಅದರಲ್ಲೂ ಪಾದದ ತನಕ ಓಡುವ ಉದ್ದನೆಯವು.

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಅಂಗೈ, ಅಂಗಾಲಿನಲ್ಲಿ ಬಹಳ ದಟ್ಟ. ಪ್ರತಿ ಗ್ರಂಥಿಗೂ ನರದ ಎಳೆ ಸುತ್ತಿಕೊಂಡಿರುತ್ತದೆ. ಅದರ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಂದರೆ ಗ್ರಂಥಿ ಬೆವರು ಸುರಿಸುತ್ತದೆ. ಇದನ್ನು 1934ರಲ್ಲಿ ಬೆಕ್ಕಿನ ಪಂಜದಲ್ಲಿ ತೋರಿಸಿಕೊಟ್ಟವರು ಹೆನ್ರಿ ಡೇಲ್ ಮತ್ತು ವಿಲ್‌ಹೆಲ್ಮ್ ಫೆಲ್ಡ್‌ಬರ್ಗ್. ನರ ಬಾಡಿದರೆ ಅಪ್ಪಣೆ ನಿಲ್ಲುತ್ತದೆ, ಅಂಗಾಲು ಒಣಗುತ್ತದೆ. ಹಾಗಾಗಿ ಬೆವರನ್ನು ಅಳೆದರೆ ನರವನ್ನು ಅಳೆದ ಹಾಗೆ.

ಅಪ್ಪನಿಗೆ ಮಾಡಿದ್ದು ಸರಳ ಪರೀಕ್ಷೆ. ಉಪವಾಸ ಬೇಕಿರಲಿಲ್ಲ. ಸೂಜಿ ಚುಚ್ಚಲಿಲ್ಲ. ಕೈಕಾಲು ಒರೆಸಿಕೊಂಡು, ಬರಿಗಾಲಲ್ಲಿ ಎರಡು ಲೋಹದ ತಟ್ಟೆಗಳ ಮೇಲೆ ನಿಲ್ಲಬೇಕು. ಇನ್ನೆರಡು ತಟ್ಟೆಗಳ ಮೇಲೆ ಅಂಗೈ ಊರಬೇಕು. ಸುಮಾರು ಮೂರು ನಿಮಿಷ ಸುಮ್ನೆ ನಿಂತರೆ ಆಯಿತು. ನಾಲ್ಕು ವೋಲ್ಟಿಗಿಂತ ಕಡಿಮೆ ಕರೆಂಟ್ ಗ್ರಂಥಿಗಳಿಂದ ಕ್ಲೋರೈಡ್ ಕಣಗಳನ್ನು ತಟ್ಟೆಯ ಕಡೆ ಎಳೆಯುತ್ತದೆ. ಕರೆಂಟ್ ಎಷ್ಟು ಸಲೀಸಾಗಿ ಹರಿಯಿತು ಅನ್ನುವುದನ್ನು ಯಂತ್ರ ಮೈಕ್ರೋಸೀಮೆನ್ಸ್ ಎಂಬ ಅಳತೆಯಲ್ಲಿ ತೋರಿಸುತ್ತದೆ. "ಕರೆಂಟ್ ಹೊಡೀತೈತೇನು?" ಅಂತ ಹೆದರಿದ್ದ ಅಪ್ಪ, ಮುಗಿದ ಮೇಲೂ "ಇನ್ನೂ ಶುರು ಮಾಡಿಲ್ಲೇನು?" ಎಂದು ಕೇಳಿದರು. ಪೇಸ್‌ಮೇಕರ್ ಇದ್ದವರು, ಕಾಲಲ್ಲಿ ಗಾಯ ಇದ್ದವರು, ಬಸುರಿಯರು ಮೊದಲೇ ಹೇಳಬೇಕು.

ಇನ್ನೊಂದು ಪರೀಕ್ಷೆಯೂ ಇದೆ. 1983ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಲೋ ಬಳಕೆಗೆ ತಂದದ್ದು. ಮುಂಗೈ, ಕಾಲು, ಪಾದದ ಮೇಲೆ ನಾಲ್ಕು ಪುಟ್ಟ ಡಬ್ಬಿಗಳನ್ನು ಕಟ್ಟುತ್ತಾರೆ. ಡಬ್ಬಿಯ ಹೊರ ಉಂಗುರದಲ್ಲಿ ಅಸಿಟೈಲ್‌ಕೋಲಿನ್. ಸಣ್ಣ ಕರೆಂಟ್ ಅದನ್ನು ಚರ್ಮದೊಳಕ್ಕೆ ನೂಕುತ್ತದೆ. ಆದರೆ ಅಳೆಯುವುದು ಒಳಗಿನ ಉಂಗುರದ ಬೆವರನ್ನು. ಯಾಕೆ? ಔಷಧ ತಾಗಿದ ಎಳೆಯಲ್ಲಿ ಸಂಕೇತ ಮೇಲಕ್ಕೆ ಓಡುತ್ತದೆ, ಕವಲು ಸಿಕ್ಕಲ್ಲಿ ಹೊರಳಿ, ಪಕ್ಕದ ಟಿಸಿಲಿನಲ್ಲಿ ಇಳಿದು, ಔಷಧ ಮುಟ್ಟದ ಗ್ರಂಥಿಯನ್ನೂ ಎಬ್ಬಿಸುತ್ತದೆ. ನರ ಜೀವಂತ ಇದ್ದರೆ ಮಾತ್ರ ಈ ಓಟ. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ. ಐದು ನಿಮಿಷ ಔಷಧ, ಮತ್ತೆ ಐದು ನಿಮಿಷ ಅಳತೆ. ಆಗ ಚುರುಚುರು ಅನ್ನುತ್ತದೆ, ಕೆಲವರಿಗೆ ಸ್ವಲ್ಪ ಉರಿಯುತ್ತದೆ, ಅಷ್ಟೇ.

ಮೈಗೆಲ್ಲ ಪುಡಿ ಹಚ್ಚಿ ಬಿಸಿ ಕೋಣೆಯಲ್ಲಿ ಮಲಗಿಸುವ ಪರೀಕ್ಷೆಯೂ ಇದೆ. ಬೆವರು ತಾಗಿದಲ್ಲಿ ಹಳದಿ ಪುಡಿ ನೇರಳೆಯಾಗುತ್ತದೆ. ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ವಾ, ಆ ಥರ. ಬಣ್ಣ ತಿರುಗದ ಜಾಗ ಬೆವರದ ಜಾಗ. ಇದು ದೊಡ್ಡ ಕೇಂದ್ರಗಳ ಪರೀಕ್ಷೆ, ಎಲ್ಲ ಕಡೆ ಸಿಗದು.

ಇಂಥ ಪರೀಕ್ಷೆಗೆ ಹೋಗುವ ಮುಂಚೆ ತಿನ್ನುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ಕೊಡಿ. ನೆಗಡಿ, ಅಲರ್ಜಿಯ ಎಷ್ಟೋ ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಕಾಲುರಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಎನ್ನುವುದನ್ನು ಅವರೇ ಹೇಳಲಿ, ನೀವಾಗಿಯೇ ನಿಲ್ಲಿಸಬೇಡಿ. ಅವತ್ತು ಕೈಕಾಲಿಗೆ ಎಣ್ಣೆ, ಕ್ರೀಮು ಬೇಡ. ಡಬ್ಬಿಯ ಪರೀಕ್ಷೆಗಾದರೆ ಚಹಾ, ಬೀಡಿ, ತಂಬಾಕನ್ನೂ ಕೆಲವು ತಾಸು ಬಿಡಲು ಹೇಳುತ್ತಾರೆ.

ಅಪ್ಪನ ಅಂಗೈ ಅಳತೆ ಚೆನ್ನಾಗಿತ್ತು, ಪಾದದ್ದು ಬಹಳ ಕಡಿಮೆ. ಡಾಕ್ಟರು ಆ ಒಂದು ಅಂಕಿ ನೋಡಿ ತೀರ್ಪು ಕೊಡಲಿಲ್ಲ. ಸ್ಪರ್ಶ ತಿಳಿಯುತ್ತದೆಯೇ ಎಂದು ಪಾದಕ್ಕೆ 10 ಗ್ರಾಂ ಒತ್ತಡದ ನೈಲಾನ್ ದಾರ ಮುಟ್ಟಿಸಿದರು, ಮೂರು ತಿಂಗಳ ಶುಗರ್ ನೋಡಿದರು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು: "ಊಟಕ್ಕೆ ಕೂತಾಗ ಹಣೆ, ಕುತ್ತಿಗೆ ಬೆವರ್ತಾವೇನ್ರಿ?" ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ರೊಟ್ಟಿ ಜೊತೆ ಕೆಂಪು ಚಟ್ನಿ ತಿಂದರೆ ಯಾರಾದರೂ ಬೆವರುತ್ತಾರೆ. ಅಪ್ಪ ಮೊಸರನ್ನ ತಿಂದರೂ ಟವೆಲ್ ಹಿಡಿದೇ ಕೂರುತ್ತಿದ್ದರು! ಇದೂ ಆ ಸಣ್ಣ ನರಗಳು ಹದ ತಪ್ಪಿದ ಗುರುತು. ಕಾಲಿನ ಭಾಗ ಬೆವರದಿದ್ದರೆ ಮೈ ತಣಿಸುವ ಕೆಲಸವೂ ಮೇಲಿನ ಭಾಗಕ್ಕೇ ಬೀಳುತ್ತದೆ. ಇಂಥವರಿಗೆ ನಮ್ಮ ಬಿಸಿಲು ಬೇಗ ತಾಗುತ್ತದೆ.

ಬೆವರಿಲ್ಲದ ಚರ್ಮ ಒಡೆಯುತ್ತದೆ. ಸ್ಪರ್ಶವೂ ಮಂದವಾಗಿದ್ದರೆ ಒಡೆದದ್ದು ತಿಳಿಯುವುದಿಲ್ಲ. ಅಲ್ಲಿಂದ ಕೀವು, ಹುಣ್ಣು. ಈಗ ಅಪ್ಪ ರಾತ್ರಿ ದಾಡಿ ಮಾಡುವ ಕನ್ನಡಿಯನ್ನು ಪರಸಿ ಮೇಲೆ ಇಟ್ಟು ಅಂಗಾಲು ನೋಡಿಕೊಳ್ಳುತ್ತಾರೆ. ಹಿಮ್ಮಡಿಗೆ ವ್ಯಾಸಲಿನ್ ಹಚ್ಚುತ್ತಾರೆ, ಬೆರಳ ಸಂದಿಗೆ ಹಚ್ಚುವುದಿಲ್ಲ. ಹೋದ ವಾರ ಎಡ ಹಿಮ್ಮಡಿಯಲ್ಲಿ ಗೋಧಿ ಕಾಳಿನಷ್ಟು ಒಡಕು ಕಂಡಿತು. ನೋವೇ ಇರಲಿಲ್ಲ. ಮರುದಿನ ಬೆಳಿಗ್ಗೆಯೇ ತೋರಿಸಿಕೊಂಡು ಬಂದೆವು.