ನಾಲ್ಕು ಪುತ್ಥಳಿಗಳ ಆಚೆಗಿನ ಸೊಲ್ಲಾಪುರ

ಸೊಲ್ಲಾಪುರದ ಮೇಲೆ ಸಾಕ್ಷ್ಯಚಿತ್ರ ಅಂದ ಕೂಡಲೇ ಏಳುವ ತಕರಾರು ಒಂದೇ: ಇದರಲ್ಲಿ ನಮ್ಮವರು ಎಲ್ಲಿ? ಮರಾಠಿ, ಕನ್ನಡ, ತೆಲುಗು, ಉರ್ದು, ಮಾರವಾಡಿ ಎಲ್ಲವೂ ಕಿವಿಗೆ ಬೀಳುವ ಊರಿದು. ಲಷ್ಕರಿ ಕಾಯಿದೆಯನ್ನೂ (ಮಾರ್ಷಲ್ ಲಾ) ಬಟ್ಟೆ ಗಿರಣಿಗಳ ಸಾವನ್ನೂ ದಾಟಿ ಊರನ್ನು ಉಳಿಸಿದವರು ಯಾರೆಂದು ಕೇಳಿದರೆ ಒಂದೊಂದು ಪೇಟೆಯೂ ಒಂದೊಂದು ಹೆಸರು ಹೇಳುತ್ತದೆ.

ಶರಣ ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ಬಹಮನಿ, ಆದಿಲ್‌ಶಾಹಿ, ಮೊಘಲ, ಪೇಶ್ವೆ ಕೈಗಳನ್ನು ದಾಟಿ 1818ರಲ್ಲಿ ಬ್ರಿಟಿಷರ ಪಾಲಾಯಿತು. 1877ರಲ್ಲಿ ಮೊದಲ ಗಿರಣಿ ಶುರುವಾಯಿತು. ಜನರ ಬಾಯಲ್ಲಿ ಅದು ಇಂದಿಗೂ ‘ಜುನಿ ಮಿಲ್’, ಹಳೆಯ ಗಿರಣಿ. ಸುತ್ತಲಿನ ಕನ್ನಡ, ಮರಾಠಿ ಹಳ್ಳಿಗಳವರೂ ತೆಲಂಗಾಣದ ಪದ್ಮಶಾಲಿ ನೇಕಾರರೂ ಬಂದು ನೆಲೆಸಿದರು. ಇಡೀ ಊರು ಭೋಂಗಾ, ಅಂದರೆ ಗಿರಣಿಯ ಸೈರನ್, ಕೇಳಿ ಏಳುವುದನ್ನು ಕಲಿಯಿತು.

ಕ್ಯಾಮೆರಾಗಳೆಲ್ಲ ನಿಲ್ಲುವುದು 1930ರ ಮೇ ತಿಂಗಳಲ್ಲಿ. ನಿಲ್ಲಬೇಕಾದದ್ದೂ ಸರಿಯೇ. ಗಾಂಧೀಜಿ ಬಂಧನದ ಸುದ್ದಿಗೆ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಮೇ 8ರಂದು ಹೆಂಡದ ವಿರುದ್ಧ ಜನ ಈಚಲು ಮರ ಕಡಿಯತೊಡಗಿದರು. ಪೊಲೀಸರು ಬಂದರು, ಬಂಧನ, ಕಲ್ಲು ತೂರಾಟ, ಗೋಲಿಬಾರ್. ಶಂಕರ ಶಿವದಾರೆ ಎಂಬ ತರುಣ ಗುಂಡಿಗೆ ಬಲಿಯಾದ. ಸಿಟ್ಟಿಗೆದ್ದ ಗುಂಪು ಮಂಗಳವಾರ ಪೇಟೆಯ ಚೌಕಿಗೆ ನುಗ್ಗಿತು, ಪೊಲೀಸರು ಸತ್ತರು, ಕೋರ್ಟಿಗೆ ಬೆಂಕಿ ಬಿತ್ತು. ಕೆಲವು ದಿನ ಬ್ರಿಟಿಷ್ ಆಡಳಿತವೇ ಊರಿನಲ್ಲಿ ಇರಲಿಲ್ಲ. ಮೇ 12ರಿಂದ ಜೂನ್ 30ರವರೆಗೆ ಲಷ್ಕರಿ ಕಾಯಿದೆ ನಡೆಯಿತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ.

ಒಬ್ಬ ಲಿಂಗಾಯತ, ಒಬ್ಬ ಮುಸಲ್ಮಾನ, ಒಬ್ಬ ಮರಾಠಾ, ಒಬ್ಬ ಮಾರವಾಡಿ. ವೈವಿಧ್ಯ ತೋರಿಸಬೇಕಾದವರಿಗೆ ಇದಕ್ಕಿಂತ ಅನುಕೂಲದ ಪಟ್ಟಿ ಸಿಗಲಾರದು. ಈ ನಾಲ್ವರ ಪುತ್ಥಳಿಗಳನ್ನು ತೋರಿಸಿದರೆ ಎಲ್ಲರಿಗೂ ಪಾಲು ಸಿಕ್ಕಂತೆ, ಪಂಕ್ತಿಯಲ್ಲಿ ಎಲೆ ಎಣಿಸಿ ಬಡಿಸಿದ ಹಾಗೆ. ಆದರೆ ಆ ಬೀದಿಯಲ್ಲಿ ಜನ ಜಾತಿವಾರು ಸೇರಿರಲಿಲ್ಲ. ಅವರನ್ನು ಒಟ್ಟಿಗೆ ತಂದದ್ದು ಗಿರಣಿಯ ಪಾಳಿ. ಕುರ್ಬಾನ್ ಹುಸೇನ್ ಕಾರ್ಮಿಕರ ನಡುವೆ ಓಡಾಡಿದ ಪತ್ರಕರ್ತ. ಅವರ ಧರ್ಮವನ್ನಷ್ಟೇ ಹೇಳಿ ಮುಂದಕ್ಕೆ ಹೋದರೆ ಅರ್ಧ ಕಥೆ ಅಲ್ಲೇ ಉದುರುತ್ತದೆ.

ನಮ್ಮ ಕನ್ನಡದ ಕಥನವೂ ಇದಕ್ಕಿಂತ ಬೇರೆಯಾಗಿಲ್ಲ. ಸಿದ್ಧರಾಮನಿಂದ ಹೊರಟು ಒಂದೇ ನೆಗೆತಕ್ಕೆ 1956ರ ರಾಜ್ಯ ವಿಂಗಡಣೆ, ಅಲ್ಲಿಂದ ಗಡಿ ತಕರಾರಿನ ಮಹಾಜನ ವರದಿ, ಮತ್ತೆ 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆ. ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯನ್ನು ಕೊಟ್ಟ ಊರು ಎಂಬ ಹೆಮ್ಮೆ ನ್ಯಾಯವಾದದ್ದೇ. ಗಿರಣಿಯಲ್ಲಿ ದುಡಿದ ಕನ್ನಡಿಗರು ಮಾತ್ರ ಆ ಕಥೆಯಲ್ಲೂ ಇಲ್ಲ.

ಯಾವ ಭಾಷೆಯವರೂ ತಮ್ಮವರೆಂದು ಕೇಳದ ಒಂದು ಜಾಗ ಉಂಟು: ಸೆಟಲ್‌ಮೆಂಟ್. ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ತಂತಿ ಬೇಲಿಯೊಳಗೆ ಕೂಡಿಟ್ಟ ಕೈಕಾಡಿ, ಪಾರ್ಧಿ ಮೊದಲಾದವರು ಅಲ್ಲಿಂದಲೇ ಗಿರಣಿಗೆ ದುಡಿಯಲು ಹೋಗುತ್ತಿದ್ದರು. ಕಾಯಿದೆ ರದ್ದಾದದ್ದು 1952ರಲ್ಲಿ. ಆದರೂ ಅಲ್ಲಿನ ಬಡಾವಣೆಗಳ ಹೆಸರಿನಲ್ಲಿ ‘ಸೆಟಲ್‌ಮೆಂಟ್’ ಉಳಿದಿದೆ.

ಮುಂದೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಭೋಂಗಾ ನಿಂತಿತು. ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡವರು ಬೀಡಿ ಕಟ್ಟುವ ಹೆಂಗಸರು, ಬಹುಪಾಲು ತೆಲುಗು ಮನೆಗಳವರು. ಮೊರ ತೊಡೆಯ ಮೇಲೆ, ಎಲೆ ಕತ್ತರಿಸುವ ಕತ್ತರಿ ಪಕ್ಕದಲ್ಲಿ, ಕೂಲಿಯ ಲೆಕ್ಕವೆಲ್ಲ ಸಾವಿರ ಬೀಡಿಯ ಮೇಲೆ. ಇದೇ ಹೆಂಗಸರು ಸಂಘಟನೆ ಕಟ್ಟಿ ಹೋರಾಡಿದ್ದರಿಂದ ಊರ ಹತ್ತಿರದ ಕುಂಭಾರಿಯಲ್ಲಿ 2006ರಲ್ಲಿ 10,000 ಮನೆಗಳ ಕಾಲೋನಿ ಎದ್ದಿತು. ಊರು ಉಳಿದ ಕಥೆ ಬೇಕಾದವರು ಇಲ್ಲಿಂದಲೂ ಶುರು ಮಾಡಬಹುದು. ಇಲ್ಲಿ ಪುತ್ಥಳಿಗಳಿಲ್ಲ, ಹಳೆಯ ಫೋಟೊಗಳೂ ಕಡಿಮೆ. ಆದರೆ 1930ನ್ನು ಕಣ್ಣಾರೆ ಕಂಡವರನ್ನು ಇನ್ನು ಮಾತಾಡಿಸಲು ಆಗದು, ಗಿರಣಿ ಮುಚ್ಚಿದ ದಿನಗಳನ್ನು ಉಂಡವರು ಇನ್ನೂ ಇದ್ದಾರೆ.