ಮಗಳು ಕಾರು ಕಲಿಯುತ್ತಿದ್ದಾಳೆ. ನನ್ನ ಇನ್ಶೂರೆನ್ಸ್‌ಗೆ ಅವಳ ಹೆಸರು ಸೇರಿಸಬೇಕಾ?

ಓದುಗರ ಪ್ರಶ್ನೆ: ಮಗಳಿಗೆ 18 ತುಂಬಿತು. ಎಲ್‌ಎಲ್‌ಆರ್ ಮಾಡಿಸಿದ್ದೇವೆ, ಡ್ರೈವಿಂಗ್ ಸ್ಕೂಲಿಗೂ ಹೋಗುತ್ತಿದ್ದಾಳೆ. ಭಾನುವಾರ ನಮ್ಮ ಕಾರಿನಲ್ಲೇ ಕಲಿಸಿ ಅಂತ ಕೇಳುತ್ತಾಳೆ. ಆರ್‌ಸಿ, ಇನ್ಶೂರೆನ್ಸ್ ಎರಡೂ ನನ್ನ ಹೆಸರಿನಲ್ಲಿವೆ. ಅಮೆರಿಕದಲ್ಲಿರುವ ನನ್ನ ತಮ್ಮ, ‘ಪಾಲಿಸಿಗೆ ಅವಳ ಹೆಸರು ಸೇರಿಸದೆ ಕೀ ಕೊಡಬೇಡ ಅಣ್ಣ’ ಅನ್ನುತ್ತಾನೆ. ಇಲ್ಲಿನ ಏಜೆಂಟ್, ‘ಏನೂ ಬೇಡ ಸಾರ್, ಸುಮ್ನೆ ಓಡಿಸಲಿ ಬಿಡಿ’ ಅನ್ನುತ್ತಾರೆ. ಯಾರ ಮಾತು ಸರಿ?

ಇಬ್ಬರ ಮಾತೂ ಸರಿ. ತಮ್ಮ ಅಲ್ಲಿನ ಲೆಕ್ಕ ಹೇಳಿದ್ದಾರೆ, ಏಜೆಂಟ್ ಇಲ್ಲಿನ ಲೆಕ್ಕ ಹೇಳಿದ್ದಾರೆ. ಆದರೆ ಏಜೆಂಟ್ ಅರ್ಧ ಹೇಳಿ ನಿಲ್ಲಿಸಿಬಿಟ್ಟಿದ್ದಾರೆ. ಹೇಳದೆ ಬಿಟ್ಟ ಅರ್ಧವೇ ನಿಮ್ಮ ಮಗಳಿಗೆ ಸಂಬಂಧಪಟ್ಟದ್ದು.

ಅಮೆರಿಕದಲ್ಲಿ ಕಾರಿನ ಇನ್ಶೂರೆನ್ಸ್ ಕೊಡುವಾಗ ಮನೆಯಲ್ಲಿ ಯಾರ್ಯಾರು ಗಾಡಿ ಓಡಿಸುತ್ತಾರೆ ಅಂತ ಕೇಳುತ್ತಾರೆ. 16ರ ಮಗನ ಹೆಸರು ಸೇರಿದ ಕೂಡಲೇ ಪ್ರೀಮಿಯಂ ಜಾಸ್ತಿಯಾಗುತ್ತದೆ. ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆದರೆ ರಿಯಾಯಿತಿ ಕೊಡುವ ಕಂಪನಿಗಳೂ ಅಲ್ಲಿವೆ. ನಮ್ಮ ದೇಶದಲ್ಲಿ ಲೆಕ್ಕ ನಿಂತಿರುವುದು ಗಾಡಿಯ ಮೇಲೆ. ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಹೊರಗಿನವರಿಗೆ ಆಗುವ ಹಾನಿಯ ಭಾಗದ ಪ್ರೀಮಿಯಂ ಎಂಜಿನ್ನಿನ ಸಿಸಿ ನೋಡಿ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಬಂದ ಪಟ್ಟಿಯಲ್ಲಿ 1000 ಸಿಸಿಯೊಳಗಿನ ಸ್ವಂತ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗಿನದಕ್ಕೆ 3,416 ರೂಪಾಯಿ ಇತ್ತು. ನಿಮ್ಮ ಕಾರಿನ ಸ್ವಂತ ಡ್ಯಾಮೇಜಿನ ಭಾಗಕ್ಕೆ ಕಾರಿನ ಈಗಿನ ಬೆಲೆ, ವಯಸ್ಸು, ಸಿಸಿ, ಎಲ್ಲಿ ರಿಜಿಸ್ಟರ್ ಆಗಿದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಎ ವಲಯದಲ್ಲಿದೆ, ಕರ್ನಾಟಕದ ಉಳಿದ ಊರುಗಳೆಲ್ಲ ಬಿ ವಲಯದಲ್ಲಿವೆ. ಸ್ಟೀರಿಂಗ್ ಹಿಡಿಯುವವರು ಅಪ್ಪನೋ ಮಗಳೋ ಅಂತ ಈ ಲೆಕ್ಕ ಕೇಳುವುದಿಲ್ಲ.

ಹಾಗಾದರೆ ಯಾರು ಬೇಕಾದರೂ ಓಡಿಸಬಹುದಾ? ಇಲ್ಲ. ನಿಮ್ಮ ಪಾಲಿಸಿಯ ಸರ್ಟಿಫಿಕೇಟ್ ತೆಗೆದು ‘ಡ್ರೈವರ್ಸ್ ಕ್ಲಾಜ್’, ಅಂದರೆ ಯಾರು ಓಡಿಸಬಹುದು ಅನ್ನುವ ಷರತ್ತಿನ ನಾಲ್ಕು ಸಾಲು ಓದಿ. ಅಲ್ಲಿರುವುದು ಇಷ್ಟು: ಮಾಲೀಕರೂ ಸೇರಿ ಯಾರೇ ಓಡಿಸಲಿ, ಆ ಹೊತ್ತಿಗೆ ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಎಲ್‌ಎಲ್‌ಆರ್ ಇರುವವರೂ ಓಡಿಸಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು.

ಆ 3ನೇ ನಿಯಮ ಏನು ಹೇಳುತ್ತದೆ ಅಂದರೆ, ಕಲಿಸುವವರು ಪಕ್ಕದಲ್ಲಿರಬೇಕು, ಅವರಿಗೆ ಕಾರಿನ ಡಿಎಲ್ ಇರಬೇಕು, ಬೇಕಾದಾಗ ಗಾಡಿ ನಿಲ್ಲಿಸುವ ಹಾಗೆ ಕೂತಿರಬೇಕು. ಹಿಂದಿನ ಸೀಟಿನಲ್ಲಿ ಕೂತು ‘ನಿಧಾನ, ನಿಧಾನ’ ಅನ್ನುತ್ತಿದ್ದರೆ ಲೆಕ್ಕಕ್ಕಿಲ್ಲ. ಕಾರಿನ ಹಿಂದೆ ಮುಂದೆ ಎರಡೂ ಕಡೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಬೋರ್ಡ್ ಇರಬೇಕು. ಎಷ್ಟೋ ಮನೆಗಳಲ್ಲಿ ಸ್ಕೂಲಿನ ಕಾರಿಗೆ ಮಾತ್ರ ಎಲ್ ಬೋರ್ಡ್, ಸ್ವಂತ ಕಾರಿಗೆ ಯಾಕೆ ಅಂದುಕೊಳ್ಳುತ್ತಾರೆ. ನಮ್ಮ ಅಣ್ಣನ ಮಗಳಿಗೆ ಕಲಿಸುವಾಗ ನಾನೂ ಮೊದಲ ದಿನ ಬೋರ್ಡ್ ಇಲ್ಲದೆಯೇ ಹೊರಟಿದ್ದೆ. ಬೀದಿ ತುದಿ ದಾಟುವ ಮೊದಲೇ ಅವಳೇ ನೆನಪಿಸಿದಳು. ವಾಪಸ್ ಬಂದು ಅಂಟಿಸಿಕೊಂಡು ಹೋದೆವು. ಬೋರ್ಡ್ ಇಲ್ಲದೆ ಎಲ್ಲಾದರೂ ಗುದ್ದಿದ್ದರೆ, ಪಾಲಿಸಿಯ ಷರತ್ತು ಮುರಿದಿದ್ದೀರಿ ಅನ್ನುವ ದಾರಿಯನ್ನು ಕಂಪನಿಗೆ ನಾವೇ ತೆರೆದುಕೊಟ್ಟಂತೆ ಆಗುತ್ತಿತ್ತು.

ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಕಾಲೇಜು, ಪರೀಕ್ಷೆ ಅಂತ ಮುಂದೂಡುತ್ತಾ ಹೋದರೆ 6 ತಿಂಗಳು ಗೊತ್ತಾಗದಂತೆ ಮುಗಿದಿರುತ್ತದೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಇನ್ನೊಂದು ವಿಷಯ. ಡಿಎಲ್ ಬಂದ ಮೇಲೆ ಅದರಲ್ಲಿ ‘ಎಲ್‌ಎಂವಿ’ (ಲೈಟ್ ಮೋಟಾರ್ ವೆಹಿಕಲ್, ಕಾರಿನಂಥ ಹಗುರ ವಾಹನ) ಅಂತ ಇದೆಯಾ ನೋಡಿ. ಬೈಕಿಗೆ ಮಾತ್ರ ಮಾಡಿಸಿದ ಡಿಎಲ್‌ನಲ್ಲಿ ಕಾರು ಓಡಿಸಿದರೆ, ಇನ್ಶೂರೆನ್ಸ್ ಮಟ್ಟಿಗೆ ಅದು ಲೈಸೆನ್ಸ್ ಇಲ್ಲದ ಹಾಗೆಯೇ.

18 ತುಂಬದ ಮಕ್ಕಳ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು, ಯಾಕೆಂದರೆ ನಿಮ್ಮ ಮಗಳಿಗೆ ತಮ್ಮನೋ ತಂಗಿಯೋ ಇರಬಹುದು. ‘ಗೇರ್ ಇಲ್ಲದ ಸ್ಕೂಟರ್ ತಾನೇ, 16 ಆದರೆ ಸಾಕು’ ಅನ್ನುವ ನಂಬಿಕೆ ಊರೂರಿನಲ್ಲೂ ಇದೆ. ಕಾನೂನು 16ಕ್ಕೆ ಬಿಟ್ಟಿರುವುದು 50 ಸಿಸಿಯೊಳಗಿನ, ಗೇರ್ ಇಲ್ಲದ ಗಾಡಿಯನ್ನು, ಅದೂ ಲೈಸೆನ್ಸ್ ಮಾಡಿಸಿಕೊಂಡ ಮೇಲೆ. ಟ್ಯೂಷನ್ನಿಗೆ ಮಕ್ಕಳು ಓಡಿಸಿಕೊಂಡು ಹೋಗುವ ಸ್ಕೂಟರುಗಳು 110, 125 ಸಿಸಿಯವು. ಅವಕ್ಕೆ 18 ಆಗಲೇಬೇಕು.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅನ್ನುವ ಕಲಂ ಸೇರಿತು. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ ತಪ್ಪು ಪೋಷಕರದ್ದು ಅಥವಾ ಗಾಡಿಯ ಮಾಲೀಕರದ್ದು ಅಂತ ಕೋರ್ಟ್ ಹಿಡಿಯುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಆ ಹುಡುಗನಿಗೋ ಹುಡುಗಿಗೋ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ನನಗೆ ಗೊತ್ತೇ ಇರಲಿಲ್ಲ’ ಅನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದವರೂ ನೀವೇ. ಇನ್ಶೂರೆನ್ಸ್ ಆಗ ಹೆಚ್ಚು ಕೈ ಹಿಡಿಯುವುದಿಲ್ಲ. ನಿಮ್ಮ ಗಾಡಿಯ ರಿಪೇರಿ ಕ್ಲೇಮ್ ತಿರಸ್ಕರಿಸುತ್ತಾರೆ. ಗಾಯಗೊಂಡ ಹೊರಗಿನವರಿಗೆ ಕಂಪನಿ ಮೊದಲು ಪರಿಹಾರ ಕಟ್ಟಿ, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡುವಂತೆ ಕೋರ್ಟ್ ಹೇಳಬಹುದು. ಇಂಥ ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ಮನೆ, ಜಮೀನು ಮಾರುವ ಸ್ಥಿತಿ ಬರಬಹುದು.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಅವಳಿಗೆ ಡಿಎಲ್ ಬಂತು, ಒಂದು ಸಂಜೆ ಅವಳೊಬ್ಬಳೇ ಕಾರು ತೆಗೆದುಕೊಂಡು ಹೋದಳು ಅಂತಿಟ್ಟುಕೊಳ್ಳಿ. ಅವಳ ಕಡೆಯ ತಪ್ಪಿನಿಂದಲೇ ಕಾರು ಡಿವೈಡರಿಗೆ ಹೊಡೆಯಿತು. ನಿಮ್ಮದು ಫುಲ್ ಇನ್ಶೂರೆನ್ಸ್ (ಥರ್ಡ್ ಪಾರ್ಟಿ ಜೊತೆಗೆ ಸ್ವಂತ ಡ್ಯಾಮೇಜಿನ ಭಾಗವೂ ಇರುವುದು) ಆಗಿದ್ದರೆ ಕಾರು ರಿಪೇರಿ ಆಗುತ್ತದೆ. ದಾರಿಹೋಕರಿಗೆ ಪೆಟ್ಟಾಗಿದ್ದರೆ ಥರ್ಡ್ ಪಾರ್ಟಿಯಲ್ಲಿ ಅವರಿಗೆ ಪರಿಹಾರ ಸಿಗುತ್ತದೆ. ಆದರೆ ಸ್ಟೀರಿಂಗ್ ಹಿಡಿದಿದ್ದ ಮಗಳಿಗೆ?

ಪಾಲಿಸಿಯಲ್ಲಿ 15 ಲಕ್ಷದ ಅಪಘಾತ ವಿಮೆ ಇದೆಯಲ್ಲ ಅಂತ ನೀವು ಅಂದುಕೊಂಡಿರಬಹುದು. ಆ 15 ಲಕ್ಷ ‘ಓನರ್ ಡ್ರೈವರ್’ಗೆ, ಅಂದರೆ ಆರ್‌ಸಿಯಲ್ಲಿ ಹೆಸರಿರುವ ನಿಮಗೆ ಮಾತ್ರ. ಥರ್ಡ್ ಪಾರ್ಟಿ ಭಾಗದಲ್ಲೂ ಅವಳಿಗೆ ಜಾಗ ಇಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಇದನ್ನು ಹೇಳಿತು. ಬೇರೆಯವರ ಬೈಕ್ ತೆಗೆದುಕೊಂಡು ಹೋಗುತ್ತಿದ್ದ ವ್ಯಕ್ತಿ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡಿದ್ದರು. ಗಾಡಿಯನ್ನು ಎರವಲು ತಂದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ, ಹಾಗಾಗಿ ಆ ಗಾಡಿಯ ಮಟ್ಟಿಗೆ ಅವರು ಮೂರನೆಯವರಾಗುವುದಿಲ್ಲ ಅಂತ ಕೋರ್ಟ್ ಹೇಳಿತು. ಅಪ್ಪನ ಕಾರು ಓಡಿಸುವ ಮಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಎದುರಿನ ಗಾಡಿಯವರ ತಪ್ಪಾಗಿದ್ದರೆ ಅವರ ಇನ್ಶೂರೆನ್ಸ್‌ನಿಂದ ಕೇಳಬಹುದು. ಅವಳದೇ ತಪ್ಪಾಗಿದ್ದರೆ ಯಾರನ್ನು ಕೇಳುವುದು? ಕಾರಿನ ಬಂಪರಿಗೆ ಇರುವ ರಕ್ಷಣೆ ಅದನ್ನು ಓಡಿಸುವ ನಮ್ಮ ಮಗುವಿಗೆ ಇಲ್ಲ ಅನ್ನುವುದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಪಾಲಿಸಿ ಮಾರುವಾಗ ಇದನ್ನು ಬಾಯಿಬಿಟ್ಟು ಹೇಳಬೇಕು.

ಇದಕ್ಕೆ ದಾರಿ ಕಾರಿನ ಪಾಲಿಸಿಯ ಹೊರಗಿದೆ. ಅದನ್ನು ಹೇಳುವ ಮೊದಲು, ಮನೆಯಲ್ಲಿ ಹೊಸ ಡ್ರೈವರ್ ಇದ್ದಾಗ ಆಗಿಯೇ ಆಗುವ ಎರಡು ಸಂಗತಿ.

ಒಂದು, ಗೀರು ತಗ್ಗು. ಗೇಟಿಗೆ ಉಜ್ಜುವುದು, ರಿವರ್ಸ್‌ನಲ್ಲಿ ಕಂಬಕ್ಕೆ ತಾಗಿಸುವುದು ಇದ್ದದ್ದೇ, ಬೈಯಬೇಡಿ. ಪ್ರತಿ ಸಲ ಕ್ಲೇಮ್‌ಗೂ ಓಡಬೇಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ನೋ ಕ್ಲೇಮ್ ಬೋನಸ್, ಅಂದರೆ ಸ್ವಂತ ಡ್ಯಾಮೇಜಿನ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 20 ಪರ್ಸೆಂಟಿನಿಂದ ಶುರುವಾಗಿ 5 ವರ್ಷಕ್ಕೆ 50 ಪರ್ಸೆಂಟ್ ಮುಟ್ಟುತ್ತದೆ. ಒಂದೇ ಒಂದು ಸಣ್ಣ ಕ್ಲೇಮ್ ಮಾಡಿದರೂ ಅದು ಸೊನ್ನೆಗೆ ಇಳಿಯುತ್ತದೆ. ಮೇಲಾಗಿ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ, 1500 ಸಿಸಿ ಮೀರಿದ ಕಾರಾದರೆ 2,000 ರೂಪಾಯಿ ನೀವೇ ಹಾಕಬೇಕು. ಗ್ಯಾರೇಜಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಎಷ್ಟಾಗುತ್ತದೆ ಕೇಳಿ, ಬೋನಸ್ ಎಷ್ಟು ಹೋಗುತ್ತದೆ ನೋಡಿ, ಆಮೇಲೆ ತೀರ್ಮಾನ ಮಾಡಿ. ಬೋನಸ್ ಉಳಿಸಿಕೊಡುವ ಆಡ್ ಆನ್ (ಹೆಚ್ಚು ಹಣ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆ) ಕೂಡ ಸಿಗುತ್ತದೆ. ಮಗಳು ಕಲಿಯುವ ವರ್ಷದ ಮಟ್ಟಿಗೆ ನಾನಾದರೆ ಅದನ್ನು ತೆಗೆದುಕೊಳ್ಳುತ್ತೇನೆ.

ಎರಡು, ಸುಳ್ಳು. ಕ್ಲೇಮ್ ಫಾರ್ಮಿನಲ್ಲಿ ‘ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವರು ಯಾರು’ ಅನ್ನುವ ಪ್ರಶ್ನೆ ಇರುತ್ತದೆ. ಮಗಳು ಅಂತ ಬರೆಯಲು ಹೆದರಿ ಅಪ್ಪ ತನ್ನ ಹೆಸರು ಬರೆಯುತ್ತಾರೆ. ಡಿಎಲ್ ಇರುವ ಮಗಳ ಹೆಸರು ಬರೆದಿದ್ದರೆ ಆ ಕಾರಣಕ್ಕೆ ಕ್ಲೇಮ್ ನಿಲ್ಲುತ್ತಿರಲಿಲ್ಲ! ಎಫ್‌ಐಆರ್, ಆಸ್ಪತ್ರೆಯ ಚೀಟಿ, ಸಿಗ್ನಲ್‌ನ ಸಿಸಿಟಿವಿ ಒಂದು ಹೆಸರು ಹೇಳಿ, ಫಾರ್ಮ್ ಇನ್ನೊಂದು ಹೆಸರು ಹೇಳಿದರೆ ಸರಿಯಾಗಿದ್ದ ಕ್ಲೇಮ್ ಕೂಡ ಕೈತಪ್ಪುತ್ತದೆ. ಮಗಳಿಗೆ ಇದನ್ನು ಕೀ ಕೊಡುವ ದಿನವೇ ಹೇಳಿ: ಏನೇ ಆಗಲಿ ಗಾಡಿ ನಿಲ್ಲಿಸು, ಪೆಟ್ಟಾದವರನ್ನು ನೋಡು, ನಮಗೆ ಫೋನ್ ಮಾಡು, ನಡೆದದ್ದನ್ನು ನಡೆದ ಹಾಗೆ ಹೇಳು.

ಇನ್ನು ಆ ದಾರಿ. ಮಗಳ ಹೆಸರಿನಲ್ಲಿ ಬೇರೆಯದೇ ಒಂದು ವೈಯಕ್ತಿಕ ಅಪಘಾತ ವಿಮೆ ಮಾಡಿಸಿ. ‘ಸರಳ ಸುರಕ್ಷಾ ಬಿಮಾ’ ಅನ್ನುವ ಪಾಲಿಸಿ 2021ರಿಂದ ಇದೆ. ಯಾವ ಕಂಪನಿಯಲ್ಲಿ ಕೊಂಡರೂ ಮುಖ್ಯ ಷರತ್ತುಗಳು ಒಂದೇ, ಎರಡೂವರೆ ಲಕ್ಷದಿಂದ ಒಂದು ಕೋಟಿವರೆಗೆ ಸಿಗುತ್ತದೆ. ಅವಳಿಗೆ ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಖಾತೆ ಇದ್ದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸೇರಿಸಿ. 18 ತುಂಬಿದವರು ಸೇರಬಹುದು, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯಕ್ಕೆ 2 ಲಕ್ಷ. ಇದು ಸಾಲದು, ನಿಜ. ಆದರೆ ಇವತ್ತೇ ಆಗುವ ಕೆಲಸ. ಆಸ್ಪತ್ರೆ ಖರ್ಚಿಗೆ ನಿಮ್ಮ ಮನೆಯ ಹೆಲ್ತ್ ಪಾಲಿಸಿಯಲ್ಲಿ ಅವಳ ಹೆಸರು ಇನ್ನೂ ಇದೆಯಾ, ಎಷ್ಟು ವಯಸ್ಸಿನವರೆಗೆ ಇರುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ.

ಡಿಎಲ್ ಬರಲಿ, ಆಮೇಲೆ ಮಾಡಿಸೋಣ ಅಂತ ಕಾಯಬೇಡಿ. ಅವಳು ಸ್ಟೀರಿಂಗ್ ಹಿಡಿಯುವುದು ಈ ಭಾನುವಾರವೇ ಅಲ್ವಾ?