ಕುದುರೆ ಬಿಡುವ ಹೊಲದಲ್ಲಿರುವ ಬಿಲ ಮೊಲದ್ದಲ್ಲ

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕು. ತೋಟದ ಮನೆಯ ಹಿಂದಿನ ಒಂದೆಕರೆಯಲ್ಲಿ ಎರಡು ಕುದುರೆಗಳನ್ನು ಮೇಯಲು ಬಿಡುತ್ತೇವೆ. ಇತ್ತೀಚೆಗೆ ಅಲ್ಲಿ ಮೊಲಗಳ ಓಡಾಟ ಹೆಚ್ಚಾಗಿದೆ, ಬದುವಿನ ಪಕ್ಕದಲ್ಲಿ ಬಿಲಗಳೂ ಬಿದ್ದಿವೆ. ಬಿಲದಲ್ಲಿ ಸಿಕ್ಕಿ ಕುದುರೆಯ ಕಾಲು ಮುರಿದೀತೆಂಬ ಹೆದರಿಕೆ ಇದೆ. ಆದರೆ ಮೊಲಗಳನ್ನು ಕೊಲ್ಲಲು ಮನಸ್ಸಿಲ್ಲ. ಅವುಗಳನ್ನು ಹಿಂಸೆಯಿಲ್ಲದೆ ದೂರವಿಡುವುದು ಹೇಗೆ?

ಉತ್ತರ: ಹಿಂಗಾರಿ ಜೋಳದ ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಪ್ರತಿ ವರ್ಷವೂ ಈ ಪ್ರಶ್ನೆ ನನ್ನ ಬಳಿಗೆ ಬರುತ್ತದೆ. ಕೇಳುವವರ ಊರು ಬೇರೆಯಾಗಿರುತ್ತದೆ, ಮಾತು ಮಾತ್ರ ಅದೇ ಆಗಿರುತ್ತದೆ. ಪಶುವೈದ್ಯನಾಗಿ ಇಷ್ಟು ವರ್ಷ ಇದಕ್ಕೆ ಬಾಯಿಮಾತಿನಲ್ಲಿ ಉತ್ತರಿಸಿ ದಣಿದಿರುವುದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಹೊಲದಲ್ಲಿ ಮೊಲವೂ ಇದೆ, ಬಿಲವೂ ಇದೆ. ಆದರೆ ಆ ಬಿಲ ಆ ಮೊಲದ್ದಲ್ಲ. ಇದನ್ನು ಒಪ್ಪಿಕೊಳ್ಳದ ಹೊರತು ನೀವು ಮಾಡುವ ಯಾವ ಉಪಾಯದಿಂದಲೂ ಕುದುರೆಯ ಕಾಲಿಗೆ ರಕ್ಷಣೆ ದೊರೆಯದು.

ನಮ್ಮ ಭಾಷೆಯಲ್ಲಿ ಮೊಲ ಎಂಬ ಒಂದೇ ಪದ ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. ಸಂತೆಯಲ್ಲಿ ಪಂಜರದಲ್ಲಿಟ್ಟು ಮಾರುವ ಬಿಳಿ ಮೊಲ ಯುರೋಪಿನ ಕಾಡುಮೊಲದಿಂದ ಪಳಗಿ ಬಂದ ತಳಿ. ಅದರ ಮೂಲ ನೆಲೆ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಪರ್ಯಾಯದ್ವೀಪ. ಆ ಜಾತಿ ಗುಂಪಾಗಿ ಬಾಳುತ್ತದೆ, ನೆಲದೊಳಗೆ ಕವಲೊಡೆದ ಸುರಂಗಗಳನ್ನು ತೋಡುತ್ತದೆ, ಕಣ್ಣು ಮುಚ್ಚಿದ, ಕೂದಲಿಲ್ಲದ ಮರಿಗಳನ್ನು ಆ ಸುರಂಗದಲ್ಲಿ ಈಯುತ್ತದೆ. 1859ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ಬೇಟೆಯ ಶೋಕಿಗೆಂದು ಬಿಟ್ಟ ಕೆಲವೇ ಮೊಲಗಳು ಆ ಖಂಡದ ಬಹುಭಾಗವನ್ನು ಆವರಿಸಿ ಹುಲ್ಲುಗಾವಲುಗಳನ್ನು ಹಾಳುಗೆಡವಿದ್ದು ಈ ಜಾತಿಯ ಕಥೆ. ಅಲ್ಲಿ ಕುದುರೆ ಸಾಕುವವರು ಮೊಲದ ಬಿಲಕ್ಕೆ ಹೆದರುವುದು ನ್ಯಾಯವೇ. ಅವರು ಬಿಲಗಳನ್ನು ಯಂತ್ರದಿಂದ ಕಿತ್ತುಹಾಕುವುದನ್ನು ಮೊಬೈಲಿನಲ್ಲಿ ನೋಡಿದ ನಮ್ಮವರು, ಅದೇ ಅಪಾಯ ತಮ್ಮ ಹೊಲದಲ್ಲೂ ಇದೆ ಎಂದು ತೀರ್ಮಾನಿಸಿಬಿಡುತ್ತಾರೆ.

ನಮ್ಮ ಹೊಲಗಳಲ್ಲಿ, ಮಡ್ಡಿಗಳಲ್ಲಿ, ಬಳ್ಳಾರಿ ಜಾಲಿಯ ಪೊದೆಗಳಲ್ಲಿ ಇರುವುದು ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಕಾಡುಮೊಲ. ಇದು ಬಿಲ ತೋಡುವುದಿಲ್ಲ. ಹಗಲಿನಲ್ಲಿ ಹುಲ್ಲಿನ ನಡುವೆ ತನ್ನ ಮೈ ಹಿಡಿಸುವಷ್ಟು ಮಾತ್ರ ನೆಲವನ್ನು ಒತ್ತಿ ತಗ್ಗು ಮಾಡಿಕೊಂಡು, ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ಅಲ್ಲಾಡದೆ ಕುಳಿತಿರುತ್ತದೆ. ಆ ತಗ್ಗಿನಲ್ಲಿ ನಿಮ್ಮ ಅಂಗೈಯನ್ನು ಇಟ್ಟರೂ ಮುಳುಗುವುದಿಲ್ಲ, ಕುದುರೆಯ ಗೊರಸಿನ ಮಾತಂತೂ ದೂರವೇ ಉಳಿಯಿತು. ಇದರ ಮರಿಗಳು ಹುಟ್ಟುವಾಗಲೇ ಮೈತುಂಬ ರೋಮವಿರುತ್ತದೆ, ಕಣ್ಣು ತೆರೆದಿರುತ್ತದೆ. ಇಂಥ ಮರಿಗೆ ಸುರಂಗದ ತೊಟ್ಟಿಲು ಬೇಕಿಲ್ಲ, ಆದ್ದರಿಂದಲೇ ತಾಯಿ ತೋಡುವುದಿಲ್ಲ. ಎರಡು ಜಾತಿಗಳ ನಡುವಿನ ಅಂತರವೂ ಸಣ್ಣದಲ್ಲ: ಯುರೋಪಿನ ಮೊಲದ ವರ್ಣತಂತುಗಳು 44, ನಮ್ಮ ಕಾಡುಮೊಲದ ಕುಲದವುಗಳದ್ದು 48. ಹೆಸರು ಒಂದೇ ಆದ ಮಾತ್ರಕ್ಕೆ ಗುಣವೂ ಒಂದೇ ಎನ್ನಲಾಗದು.

ಇಷ್ಟು ಹೇಳಿದ ಮೇಲೂ, ಮೊಲ ಬಿಲಕ್ಕೆ ನುಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎನ್ನುವವರು ಇದ್ದೇ ಇರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಾಯಿ ಬೆನ್ನಟ್ಟಿದಾಗ ಈ ಮೊಲ ನರಿ ಮುಂತಾದ ಬೇರೆ ಪ್ರಾಣಿ ತೋಡಿಟ್ಟ ಬಿಲದಲ್ಲಿ ಅಡಗುವುದುಂಟು. ಮಳೆಗೆ ಅಂಜಿ ಒಬ್ಬರ ಜಗುಲಿಯಲ್ಲಿ ನಿಂತವನನ್ನು ಮನೆಯ ಯಜಮಾನನೆಂದು ಯಾರೂ ಕರೆಯುವುದಿಲ್ಲವಷ್ಟೆ. ಕಂಡ ಒಂದು ಸಂಗತಿಯನ್ನೇ ಹಿಡಿದು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಮಾಡಿದರೆ ನಷ್ಟವಾಗುವುದು ಕುದುರೆಗೆ. ಏಕೆಂದರೆ ನಿಜವಾದ ಬಿಲಗಾರ ಬದುವಿನಲ್ಲಿ ನಿಶ್ಚಿಂತೆಯಿಂದ ತನ್ನ ಕೆಲಸ ಮುಂದುವರಿಸುತ್ತಿರುತ್ತಾನೆ.

ಆ ಬಿಲಗಾರ ಬಹುಪಾಲು ಹೆಗ್ಗಣ, ಇಲ್ಲವೆ ಹೊಲದ ಇಲಿ. ಬಿಲದ ಬಾಯಿಯ ಮುಂದೆ ಸಡಿಲ ಮಣ್ಣಿನ ಗುಡ್ಡೆಯಿದ್ದು, ಬಾಯಿ ಮಣ್ಣಿನಿಂದಲೇ ಮುಚ್ಚಿದ್ದರೆ ಅದು ಹೆಗ್ಗಣದ್ದೆಂದು ತಿಳಿಯಿರಿ. ಹಿಕ್ಕೆಯನ್ನು ನೋಡಿದರೆ ಅನುಮಾನ ಇನ್ನಷ್ಟು ಕಳೆಯುತ್ತದೆ. ಮೊಲದ ಹಿಕ್ಕೆ ದುಂಡಗೆ, ಒಣಗಿದ್ದು, ಮುರಿದರೆ ಒಳಗೆ ಹುಲ್ಲಿನ ನಾರು ಕಾಣುತ್ತದೆ. ಇಲಿ ಹೆಗ್ಗಣಗಳದ್ದು ಉದ್ದನೆಯ ಕಾಳಿನಂತಿರುತ್ತದೆ. ಹೆಗ್ಗಣದ ಸುರಂಗ ನೆಲದ ಮೇಲ್ಮೈಗೆ ಸಮೀಪದಲ್ಲೇ ಸಾಗುವುದರಿಂದ, ಸುಮಾರು 300 ಕಿಲೋ ತೂಕದ ಕುದುರೆ ಅದರ ಮೇಲೆ ಓಡಿದಾಗ ಮೇಲಿನ ಮಣ್ಣು ಕುಸಿದು ಕಾಲು ಒಳಗಿಳಿಯುತ್ತದೆ. ಎಂದರೆ ಅಪಾಯವಿರುವುದು ಕಣ್ಣಿಗೆ ಕಾಣುವ ಬಾಯಿಯಲ್ಲಿ ಮಾತ್ರವಲ್ಲ, ಅದರ ಸುತ್ತಲಿನ ಕಾಣದ ಟೊಳ್ಳಿನಲ್ಲಿಯೂ ಇದೆ.

ಎರಡನೆಯ ಕಾರಣ ಯಾವ ಪ್ರಾಣಿಯದೂ ಅಲ್ಲ. ನಿಮ್ಮ ವಿಜಯಪುರ ಜಿಲ್ಲೆಯ ಎರೆ ಭೂಮಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಬಿಡುವ ಬಿರುಕುಗಳಲ್ಲಿ ಕೈ ಸಲೀಸಾಗಿ ಇಳಿಯುತ್ತದೆ, ಕೆಲವೆಡೆ ಅವು ಒಂದು ಮೀಟರಿನಷ್ಟು ಆಳಕ್ಕೂ ಹೋಗುತ್ತವೆ. ಡೋಣಿ ನದಿಯ ದಂಡೆಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಕುದುರೆ ಕುಂಟಿದ ದಿನ ಬಿರುಕನ್ನು ಬಿಟ್ಟು ಮೊಲವನ್ನೇ ದೂರುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಇನ್ನು ಮಾಡಬೇಕಾದ ಕೆಲಸ. ಒಂದು ಸಂಜೆ ಹೊಲವನ್ನೆಲ್ಲ ನಡೆದು ಕಂಡ ಪ್ರತಿಯೊಂದು ಬಿಲದ ಬಾಯಿಯನ್ನೂ ಹಸಿ ಮಣ್ಣಿನಿಂದ ಮುಚ್ಚಿ, ಪಕ್ಕದಲ್ಲಿ ಒಂದು ಕಡ್ಡಿ ನೆಡಿ. ಮರುದಿನ ಬೆಳಿಗ್ಗೆ ಯಾವುದು ಮತ್ತೆ ತೆರೆದಿದೆಯೋ ಅದರಲ್ಲಿ ಪ್ರಾಣಿ ಇದೆ. ತೆರೆಯದ ಬಿಲವನ್ನು ಅಗೆದು, ಸುರಂಗದ ಜಾಡು ಹಿಡಿದು ಕೊನೆಯವರೆಗೆ ಮಣ್ಣು ತುಂಬಿ ದಮ್ಮಸು ಮಾಡಿ. ಬಾಯಿಗೆ ಮಾತ್ರ ಕಲ್ಲು ತುರುಕಿದರೆ ಟೊಳ್ಳು ಹಾಗೆಯೇ ಉಳಿಯುತ್ತದೆ. ತೆರೆದಿರುವ ಬಿಲಗಳ ಸುತ್ತ, ಕುದುರೆಯ ಕಾಲಿಗೂ ಮೂತಿಗೂ ಎಟುಕದ ಕಡೆ, ಬೋನಿಟ್ಟು ಹೆಗ್ಗಣ ಹಿಡಿಯಬಹುದು. ಬದುವಿನ ಮೇಲಿನ ದಟ್ಟ ಹುಲ್ಲನ್ನು ಸವರಿ, ಕಣಿಕೆಯ ಬಣಿವೆಯನ್ನು ನೆಲದಿಂದ ಎತ್ತರಿಸಿದ ಕಟ್ಟೆಯ ಮೇಲೆ ಒಟ್ಟಿ, ಹುರುಳಿಯನ್ನೋ ಬೂಸಾವನ್ನೋ ನೆಲಕ್ಕೆ ಸುರಿಯದೆ ಗೋದಲಿಯಲ್ಲೇ ತಿನ್ನಿಸಿ. ಚೆಲ್ಲಿದ ಕಾಳು ಇರುವವರೆಗೆ ಹೆಗ್ಗಣ ಊರು ಬಿಡುವುದಿಲ್ಲ. ಹೊಲದಂಚಿನಲ್ಲಿ ಅಡ್ಡಪಟ್ಟಿಯ ಕಂಬಗಳನ್ನು ನೆಟ್ಟರೆ ಗೂಬೆಗಳು ರಾತ್ರಿ ಬಂದು ಕುಳಿತು ಇಲಿಗಳನ್ನು ಹಿಡಿಯುತ್ತವೆ. ಬಿರುಕುಗಳಿಗೆ ನಮ್ಮ ಹಿರಿಯರ ಉಪಾಯವೇ ಸಾಕು: ಜೋಳದ ಸಾಲಿನಲ್ಲಿ ತೇವ ಉಳಿಸಲು ಎಡೆಕುಂಟೆ ಹೊಡೆಯುವಂತೆ ಇಲ್ಲಿಯೂ ಕುಂಟೆ ಹೊಡೆದು ಮೇಲ್ಮಣ್ಣನ್ನು ಬಿರುಕಿಗೆ ಇಳಿಸಿ. ದೊಡ್ಡ ಬಿರುಕಿದ್ದ ಕಡೆ ಮಳೆ ಬೀಳುವವರೆಗೆ ಕುದುರೆ ಬಿಡಬೇಡಿ.

ವಿಷದ ವಿಚಾರದಲ್ಲಿ ಮಾತ್ರ ನನ್ನ ಮಾತನ್ನು ಮೀರಬೇಡಿ. ಇಲಿಗೆ ಬಳಸುವ ಝಿಂಕ್ ಫಾಸ್ಫೈಡನ್ನು ಜೋಳದ ಕಾಳಿಗೆ ಬೆರೆಸಿ ಇಡುತ್ತಾರೆ, ಕುದುರೆಗೆ ಜೋಳ ಪ್ರಿಯವಾದ ತಿನಿಸು. ಆ ವಿಷ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಅದಕ್ಕಿಂತ ಮುಖ್ಯವಾಗಿ, ಕುದುರೆಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಅದರ ಅನ್ನನಾಳ ಜಠರವನ್ನು ಸೇರುವಲ್ಲಿರುವ ಬಿಗಿಯಾದ ಸ್ನಾಯು ಒಳಗೆ ಹೋದದ್ದನ್ನು ಹಿಂದಕ್ಕೆ ಬಿಡುವುದಿಲ್ಲ. ಬದುವಿನ ಮೇಲೆ ಇಲಿಗೆಂದು ಇಟ್ಟ ಕಾಳನ್ನು ತಿಂದ ಕುದುರೆಯೊಂದರ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು, ಬೆಳಗಾಗುವ ಹೊತ್ತಿಗೆ ಬರಿಗೈಯಲ್ಲಿ ಎದ್ದು ಬಂದವನು ನಾನು. ಅದೇ ಕಾಳನ್ನು ನವಿಲು, ಕೌಜುಗಗಳೂ ತಿನ್ನುತ್ತವೆ.

ಮೊಲಕ್ಕೆ ಬಂದರೆ, ಅದು ಎರಡು ಮೂರು ಕಿಲೋ ತೂಕದ, ಸಂಜೆಯಿಂದ ನಸುಕಿನವರೆಗೆ ಮೇಯುವ ಪ್ರಾಣಿ. ಕುದುರೆಗಳು ಲಾಯದಲ್ಲಿರುವ ಹೊತ್ತಿನಲ್ಲಿ ಅದು ತಿನ್ನುವ ಹುಲ್ಲು ಲೆಕ್ಕಕ್ಕೆ ಬರುವುದಿಲ್ಲ. ಕುದುರೆ ಮಸಾಲೆ ಸೊಪ್ಪಿನ (ಲೂಸರ್ನ್ ಮೇವಿನ) ಮಡಿಗಳಿದ್ದರೆ ಮಾತ್ರ ಎಳೆಯ ಚಿಗುರು ನಷ್ಟವಾಗುತ್ತದೆ, ಬೇಲಿ ಬೇಕಾದದ್ದು ಅಲ್ಲಿಗಷ್ಟೇ. ಒಂದಂಗುಲ ಕಣ್ಣಿನ ತಂತಿ ಜಾಳಿಗೆಯನ್ನು ಮೂರಡಿ ಎತ್ತರಕ್ಕೆ ಕಟ್ಟಿ, ಕೆಳಗಿನ ಅರ್ಧ ಅಡಿಯನ್ನು ಹೊರಕ್ಕೆ ಬಾಗಿಸಿ ನೆಲದ ಮೇಲೆ ಹಾಸಿ ಕಲ್ಲು ಹೇರಿ. ಕುದುರೆಯ ಹೊಲದ ಕಡೆಗೆ ಜಾಳಿಗೆ ಬರುವುದಾದರೆ, ಮರದ ಅಡ್ಡಗಳ ಹೊರಮೈಗೆ ಅದನ್ನು ಬಿಗಿಯಿರಿ, ಒಳಗಿದ್ದರೆ ಗೊರಸು ಸಿಕ್ಕಿಕೊಳ್ಳುತ್ತದೆ. ಮುಳ್ಳುತಂತಿ ಕುದುರೆಯ ಹತ್ತಿರ ಎಲ್ಲಿಯೂ ಬೇಡ.

ಮೊಲವನ್ನು ಹಿಡಿದು ದೂರದ ಮಡ್ಡಿಯಲ್ಲಿ ಬಿಟ್ಟುಬಂದರೆ ದಯೆಯೂ ಆಯಿತು, ಕೆಲಸವೂ ಆಯಿತು ಎಂದು ಹಲವರು ಭಾವಿಸುತ್ತಾರೆ. ಕಾಡುಮೊಲಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆ ಇದೆ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಲು ಹಾಕುವುದು, ವಿಷವಿಡುವುದು, ಇವುಗಳಿಗೆ ಯತ್ನಿಸುವುದು ಸಹ ಬೇಟೆಯೇ. ಆದ್ದರಿಂದ ಮೊಲಕ್ಕೆ ಬೋನು ಇಡುವ ಯೋಚನೆಯನ್ನು ಇಲ್ಲಿಗೇ ಬಿಡಿ.

ಹೀಗೆ ಹೇಳಿದಾಗಲೆಲ್ಲ ಮುಂದಿನ ಮಾತು ಮುಧೋಳದ ನಾಯಿಯ ಕಡೆಗೆ ತಿರುಗುತ್ತದೆ. ನೀವು ಕೇಳಿಲ್ಲವಾದರೂ ಅದಕ್ಕೂ ಉತ್ತರಿಸಿಬಿಡುತ್ತೇನೆ. ಘೋರ್ಪಡೆ ಅರಸರು ಆದರದಿಂದ ಬೆಳೆಸಿದ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಇಂದಿಗೂ ತಳಿ ಕಾಪಾಡಲಾಗುತ್ತಿರುವ ಈ ನಾಯಿ ನಮ್ಮ ಭಾಗದ ಹೆಮ್ಮೆ, ನನ್ನ ಮನೆಯಲ್ಲಿಯೂ ಒಂದಿದೆ. ಆದರೆ ಅದು ವಾಸನೆಗಿಂತ ಕಣ್ಣನ್ನು ನಂಬಿ ಬೆನ್ನಟ್ಟುವ ಬೇಟೆನಾಯಿ. ಮೊಲ ಎದ್ದು ಓಡಿತೆಂದರೆ ಒಡೆಯನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ನಾಯಿ ಬಿಟ್ಟು ಮೊಲ ಅಟ್ಟಿಸುವುದನ್ನೂ ಕಾಯ್ದೆ ಬೇಟೆಯೆಂದೇ ಎಣಿಸುತ್ತದೆ. ಅದಲ್ಲದೆ, ಪೂರ್ಣ ವೇಗದಲ್ಲಿ ನುಗ್ಗಿ ಬರುವ ನಾಯಿಯನ್ನು ಕಂಡು ಬೆದರಿದ ಕುದುರೆ ಬೇಲಿಗೆ ಹಾಯ್ದು, ನೀವು ಯಾವ ಪೆಟ್ಟಿಗೆ ಹೆದರಿದ್ದಿರೋ ಅದನ್ನೇ ತಂದುಕೊಳ್ಳುತ್ತದೆ. ನಾಯಿ ಸಾಕುವುದಾದರೆ ಮರಿಯಿರುವಾಗಲೇ ಕುದುರೆಗಳ ಜೊತೆ ಬಳಕೆ ಮಾಡಿಸಿ, ಮೊಲ ಹೊರಬೀಳುವ ಮುಸ್ಸಂಜೆಯಲ್ಲೂ ನಸುಕಿನಲ್ಲೂ ಕಟ್ಟಿಹಾಕಿ. ಚೆನ್ನಾಗಿ ಬೆಳಕು ಹರಿದ ಮೇಲೆ, ಕುದುರೆ ಬಿಡುವ ಮೊದಲು, ಅದನ್ನು ಹಗ್ಗದಲ್ಲಿ ಹಿಡಿದುಕೊಂಡೇ ಬದುವಿನುದ್ದಕ್ಕೂ ಒಂದು ಸುತ್ತು ಹಾಕಿದರೆ, ರಾತ್ರಿ ಹೊಸದಾಗಿ ತೆರೆದ ಬಿಲ ಯಾವುದೆಂದು ನೋಡುವ ಕೆಲಸವೂ ಅದರೊಟ್ಟಿಗೆ ಮುಗಿಯುತ್ತದೆ.